ಸುಲೋಚನಕ್ಕನ ಫೆಬ್ರವರಿ

ಕಳೆದ ಗುರುವಾರ ಮಧ್ಯಾಹ್ನ ಎರಡೂವರೆಯಿಂದ ಮೂರು ಗಂಟೆಯವರೆಗೆ ನನ್ನ ಮನೆಯಲ್ಲೇ ನನಗೆ ಕೆಮ್ಮುವ ಹಕ್ಕಿರಲಿಲ್ಲ.

ಹುಕುಂ ನನ್ನ ಹೆಂಡತಿಯದು. ‘ನೋಡ್ರಿ, ಅಕ್ಕಾರ ಫೋನ್ ಮುಗಿಯೂತನಕ ಪೇಪರ್ ಸೈತ ಮಡಚಬ್ಯಾಡ್ರಿ. ಸಪ್ಪಳ ಆಗ್ತದ’ ಎಂದಳು. (ನಾವು ಬಿಜಾಪುರದ ಕಡೆಯವರು. ನಮ್ಮ ಮನೆಯ ಪಿಸುಮಾತು ಮೂರನೇ ಮಹಡಿಗೂ ಕೇಳಿಸುತ್ತದೆ.)

ಅಕ್ಕ ಎಂದರೆ ಎದುರು ಮನೆಯ ಸುಲೋಚನಾ. ಉಡುಪಿ ಕಡೆಯವರು. ವಯಸ್ಸು ನಲವತ್ಮೂರು. ಕೆಲಸ, ಕಂಪ್ಯೂಟರ್ ಕಾಂಟ್ರಾಕ್ಟರ್. ಹದಿನಾಲ್ಕು ತಿಂಗಳು ಹಾಲೆಂಡಿನಲ್ಲಿದ್ದು, ಒಂದು ಕಾಂಟ್ರಾಕ್ಟ್ ಮುಗಿಸಿ, ಇನ್ನೊಂದು ಸಿಗುವವರೆಗೆ ಡೊಂಬಿವಲಿಗೆ ಬಂದಿದ್ದಾರೆ. ಹೊಸ ಕಾಂಟ್ರಾಕ್ಟೂ ಹಾಲೆಂಡಿನದೇ, ಸಂದರ್ಶನ ಫೋನಿನಲ್ಲಿ. ಆ ಫೋನು ಬರುವುದು ನಮ್ಮ ಮನೆಗೆ. ಯಾಕೆಂದರೆ ನಮ್ಮ ಗಲ್ಲಿಯಲ್ಲಿ ನೀರಿನ ಪೈಪಿಗೆಂದು ಅಗೆದವರು ಟೆಲಿಫೋನ್ ಕೇಬಲ್ ಕಡಿದು ಹತ್ತು ದಿನವಾಗಿತ್ತು. ಬಿಲ್ಡಿಂಗಿನಲ್ಲಿ ಜೀವ ಉಳಿಸಿಕೊಂಡದ್ದು ನನ್ನದೊಂದೇ ಫೋನು. ಹೇಗೆ ಉಳಿಯಿತು ಎಂಬುದು ಲೈನ್‌ಮನ್‌ಗೂ ಗೊತ್ತಿಲ್ಲ.

ಸುಲೋಚನಾ ಅವರಿಗೆ ಈ ಕಾಂಟ್ರಾಕ್ಟ್ ಸಿಗದಿದ್ದರೆ? ಬಹುಶಃ ಇನ್ನೊಂದು ಸಿಗುವುದಿಲ್ಲ. ಅವರಿಗೆ ಗೊತ್ತಿರುವುದು ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ. ಇಪ್ಪತ್ತು ವರ್ಷದ ಹಿಂದೆ ಠಾಣೆಯ ಒಂದು ಫ್ಯಾಕ್ಟರಿಗೆ ಕಂಪ್ಯೂಟರ್ ಕಾರ್ಡಿಗೆ ತೂತು ಹೊಡೆಯುವ ಪಂಚ್ ಆಪರೇಟರ್ ಆಗಿ ಸೇರಿ, ಸಾಹೇಬರ ಮ್ಯಾನುಯಲ್‌ಗಳನ್ನು ಊಟದ ಬಿಡುವಿನಲ್ಲಿ ಓದಿ ಕಲಿತದ್ದು. ಫ್ಯಾಕ್ಟರಿ ಮುಚ್ಚಿತು. ಕೋಬಾಲ್ ಸತ್ತಿತು ಎಂದರು ಎಲ್ಲರೂ. ಅಷ್ಟರಲ್ಲಿ ವೈಟುಕೆ ಬಂತು. ಎರಡೇ ಅಂಕಿಯಲ್ಲಿ ವರ್ಷ ಬರೆದಿಟ್ಟ ಜಗತ್ತಿನ ಕಂಪ್ಯೂಟರುಗಳೆಲ್ಲ ಎರಡು ಸಾವಿರ ಇಸವಿಯನ್ನು ಕಂಡು ಗಾಬರಿಬೀಳುತ್ತವೆ ಎಂಬ ಭಯ. ಸತ್ತ ಭಾಷೆ ಬಲ್ಲವರಿಗೆ ವಿಮಾನದ ಟಿಕೆಟ್ಟು. ಆದರೆ ಇದು ನವೆಂಬರ್. ಜನವರಿ ಬಂದ ಮೇಲೆ ಕೋಬಾಲ್ ಬಲ್ಲವರನ್ನು ಯಾರು ಕೇಳುತ್ತಾರೆ? ಈಗ ಆರು ತಿಂಗಳು ಸಿಕ್ಕರೆ ಅಲ್ಲೇ ಹೊಸದೇನಾದರೂ ಕಲಿತುಕೊಳ್ಳಬಹುದು. ಸಿಗದಿದ್ದರೆ ಕಥೆ ಮುಗಿಯಿತು.

‘ಕಾಂಟ್ರಾಕ್ಟರ್ ಅಂದ್ರೆ ಮದುವೆ ಮನೆಯ ಅಡಿಗೆಯವರ ಹಾಗೆ ಮಾರಾಯ್ರೆ’ ಎಂದಿದ್ದರು ಅವರೊಮ್ಮೆ. ‘ಎಲ್ಲರಿಗೂ ಬೇಕು. ಫೋಟೋದಲ್ಲಿ ಮಾತ್ರ ಇಲ್ಲ.’

ಅಲ್ಲಿ ಅವರ ಬ್ಯಾಡ್ಜಿನ ಬಣ್ಣವೇ ಕಾಯಂ ನೌಕರರದಕ್ಕಿಂತ ಬೇರೆಯಂತೆ. ಪ್ರತಿ ಶುಕ್ರವಾರ ಕೆಲಸದ ಗಂಟೆ ಬರೆದ ಟೈಮ್‌ಶೀಟಿಗೆ ಸಹಿ ಹಾಕಿಸಬೇಕು. ಬೇಡವೆಂದರೆ ಒಂದು ವಾರದ ನೋಟಿಸು. ವಾಸ ಒಂದು ಅಟ್ಟದ ಕೋಣೆ. ಒಗ್ಗರಣೆಯ ವಾಸನೆ ಮನೆಯೊಡತಿಗೆ ಆಗುವುದಿಲ್ಲ. ಹಾಗಾಗಿ ಹೊರಗೆ ಹಿಮ ಬೀಳುತ್ತಿದ್ದರೂ ಕಿಟಕಿ ತೆರೆದಿಟ್ಟು, ಮಫ್ಲರ್ ಸುತ್ತಿಕೊಂಡು ಸಾಸಿವೆ ಸಿಡಿಸಬೇಕು. ಬಸ್‌ಸ್ಟಾಪು ದೂರವೆಂದು ನಲವತ್ತೆರಡನೇ ವಯಸ್ಸಿನಲ್ಲಿ ಸೈಕಲ್ ಕಲಿತರು. ಎರಡು ಸಲ ಬಿದ್ದರು. ಮೊದಲ ವಾರ ರೈಲಿನಲ್ಲಿ, ಸ್ಟೇಷನ್ ಇನ್ನೂ ದೂರವಿರುವಾಗಲೇ ಎದ್ದು ಬ್ಯಾಗನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತುಬಿಡುತ್ತಿದ್ದರಂತೆ. ಬೋಗಿಯಲ್ಲಿ ಇದ್ದದ್ದು ನಾಲ್ಕೇ ಜನ. ‘ಅವರೆಲ್ಲ ಈ ಹೆಂಗಸಿಗೆ ಎಂತ ಆಯ್ತಪ್ಪ ಅಂತ ನೋಡುದು. ಡೊಂಬಿವಲಿಯ ನೂಕುನುಗ್ಗಲಿನ ಅಭ್ಯಾಸ ಬಿಡ್ಬೇಕಲ್ಲ!’

ಇಷ್ಟರಲ್ಲಿ ಎಲ್ಲೂ ಗೋಳಿಲ್ಲ ಎಂಬುದನ್ನು ಗಮನಿಸಿ. ವರದಿಗಾರನಾಗಿ ನಾನು ಗೋಳನ್ನು ಹುಡುಕಿದ್ದೇನೆ. ಸಿಗಲಿಲ್ಲ.

ಈಗ ನಡೆದದ್ದಕ್ಕೆ ಬರುತ್ತೇನೆ. ದೀಪಾವಳಿ ಮುಗಿದ ಮಾರನೇ ದಿನ ಅವರು ಹೊಸ ವರ್ಷದ ಕ್ಯಾಲೆಂಡರನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿದರು. ಮಗಳು ಅಶ್ವಿನಿಗೆ ಹನ್ನೆರಡನೇ ತರಗತಿ. ಪ್ರಾಕ್ಟಿಕಲ್ ಪರೀಕ್ಷೆಗಳಿರುವುದು ಫೆಬ್ರವರಿಯಲ್ಲಿ. ಗುರುತು ಹಾಕೋಣವೆಂದು ಆ ಪುಟ ತೆರೆದರು. ಕೊನೆಯ ಚೌಕದಲ್ಲಿ ಇಪ್ಪತ್ತೊಂಬತ್ತು ಎಂದಿತ್ತು.

‘ಗುರುತು ಹಾಕುದು ಬಿಟ್ಟು ನನ್ನ ಹಳೇ ಲೆಕ್ಕ ತಿರುಗಿ ಹಾಕಿದೆ’ ಎಂದರು.

ಯಾಕೆ? ಸ್ವಲ್ಪ ತಾಳ್ಮೆ ಬೇಕು, ವಿಷಯ ಸುಲಭವಿದೆ. ನಾಲ್ಕರಿಂದ ಭಾಗವಾಗುವ ವರ್ಷ ಅಧಿಕ ವರ್ಷ, ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಇದು ನಮಗೆಲ್ಲ ಗೊತ್ತು. ನೂರರಿಂದ ಭಾಗವಾದರೆ ಆ ಹೆಚ್ಚಿನ ದಿನ ಇಲ್ಲ. ಇದು ಕೆಲವರಿಗೆ ಗೊತ್ತು. ಆದರೆ ನಾನೂರರಿಂದ ಭಾಗವಾದರೆ ಮತ್ತೆ ಇದೆ, ಎರಡು ಸಾವಿರ ಇಸವಿಯ ಹಾಗೆ. ಇದು ನನಗಂತೂ ಕಳೆದ ವಾರದವರೆಗೆ ಗೊತ್ತಿರಲಿಲ್ಲ. ಹಾಲೆಂಡಿನ ಆ ಕಂಪನಿ ಔಷಧಗಳ ಸಗಟು ವ್ಯಾಪಾರದ್ದು. ಅದರ ಒಂದು ಪ್ರೋಗ್ರಾಮಿನಲ್ಲಿ, ಯಾವ ಕಾಲದಲ್ಲೋ ಯಾವನೋ ಸೋಮಾರಿ, ನಾಲ್ಕರಿಂದ ಭಾಗಿಸಿ ಕೈತೊಳೆದುಕೊಂಡಿದ್ದ. ಸುಲೋಚನಾ ಅದನ್ನು ಕಂಡು, ಅಯ್ಯೋ ಅಜ್ಞಾನಿ, ನೂರರ ನಿಯಮ ಬಿಟ್ಟಿದ್ದಾನೆ ಎಂದು ತಿದ್ದಿದ್ದರು. ನಾನೂರರ ನಿಯಮವನ್ನು ಅವರೂ ಮರೆತರು.

ಅಂದರೆ ಏನೂ ಗೊತ್ತಿಲ್ಲದವನದು ಸರಿಯಿತ್ತು. ಗೊತ್ತಿದ್ದವರು ಕೆಡಿಸಿದರು. (ಈ ನಿಯಮ ಪತ್ರಿಕಾ ಕಚೇರಿಗೂ ಅನ್ವಯಿಸುತ್ತದೆ ಎಂದು ನಮ್ಮ ಪ್ರೂಫ್ ರೀಡರ್ ಹೇಳುತ್ತಾರೆ.)

ಪರೀಕ್ಷೆಯಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ? ಆ ಕಂಪನಿಯಲ್ಲಿ ಎಲ್ಲರೂ ಪರೀಕ್ಷಿಸಿದ್ದು ಡಿಸೆಂಬರ್ ಮೂವತ್ತೊಂದು ಮತ್ತು ಜನವರಿ ಒಂದನ್ನು. ಫೆಬ್ರವರಿಯ ಕೊನೆಯ ದಿನ ಯಾರಿಗೂ ನೆನಪಾಗಲಿಲ್ಲ. ಆ ದಿನ ಬಂದಾಗ ಕಂಪ್ಯೂಟರು ‘ಇಂಥ ತಾರೀಖೇ ಇಲ್ಲ’ ಎಂದು ಪ್ರತಿಯೊಂದು ಆರ್ಡರನ್ನೂ ತಿರಸ್ಕರಿಸುತ್ತದೆ. ಔಷಧದ ಲಾರಿಗಳು ಗೋದಾಮಿನಲ್ಲೇ ನಿಲ್ಲುತ್ತವೆ.

ಕಾಂಟ್ರಾಕ್ಟ್ ಮುಗಿದಿತ್ತು. ಕೆಲಸ ಒಪ್ಪಿತವಾಗಿ ಸಹಿ ಬಿದ್ದಿತ್ತು. ಪ್ರಶಂಸೆಯೂ ಬಂದಿತ್ತು. ಸುಮ್ಮನಿದ್ದರೆ ಮೂರು ತಿಂಗಳು ಯಾರಿಗೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಹೊಸ ಕೆಲಸದಲ್ಲಿ ಕೂತಿರುತ್ತಿದ್ದರು.

ಆ ಸಂಜೆಯೇ ಸ್ಟೇಷನ್ ಪಕ್ಕದ ಎಸ್‌ಟಿಡಿ ಅಂಗಡಿಗೆ ಹೋಗಿ ಎರಡು ಪುಟದ ಫ್ಯಾಕ್ಸ್ ಕಳಿಸಿದರು. ಪ್ರೋಗ್ರಾಮಿನ ಹೆಸರು, ಸಾಲಿನ ಸಂಖ್ಯೆ, ತಪ್ಪು ಏನು, ಸರಿ ಏನು. ಎಲ್ಲಕ್ಕಿಂತ ಮೇಲೆ: ‘ಈ ತಪ್ಪು ನನ್ನದು.’

ಹೊಸ ಕಂಪನಿ ಹಳೆಯ ಕಂಪನಿಯ ಅಭಿಪ್ರಾಯ ಕೇಳಿಯೇ ಕೇಳುತ್ತದೆ. ಹಾಗಾಗಿ ಮಾರನೇ ದಿನ ಠಾಣೆಗೆ ಲೋಕಲ್, ಅಲ್ಲಿಂದ ಬಸ್ ಹಿಡಿದು ವಾಶಿಗೆ ಹೋಗಿ ತಮ್ಮ ಏಜೆಂಟನಿಗೂ ಹೇಳಿಬಂದರು. ಅವನು ತಲೆಯ ಮೇಲೆ ಕೈಹೊತ್ತನಂತೆ. ‘ಮೇಡಂ, ಪಾಗಲ್ ಹೋ ಗಯೀ ಕ್ಯಾ? ಕಾಂಟ್ರಾಕ್ಟ್ ಖತಮ್. ಅಬ್ ಕಾಯ್ಕೋ ಫ್ಯಾಕ್ಸ್? ಇಂಟರ್‌ವ್ಯೂ ಮೇ ಮುಹ್ ಬಂದ್ ರಖನೇ ಕಾ, ಕ್ಯಾ?’ ಕಾಂಟ್ರಾಕ್ಟ್ ಮುಗಿದ ಮೇಲೆ ಫ್ಯಾಕ್ಸ್ ಯಾಕೆ, ಸಂದರ್ಶನದಲ್ಲಿ ಬಾಯಿ ಮುಚ್ಚಿಕೊಂಡಿರಿ ಎಂಬುದು ಅವನ ವೃತ್ತಿಪರ ಸಲಹೆ. ಫ್ಯಾಕ್ಸಿಗೆ ಗುರುವಾರದವರೆಗೂ ಉತ್ತರ ಬಂದಿರಲಿಲ್ಲ.

ಎರಡೂವರೆಗೆ ಸರಿಯಾಗಿ ಫೋನು ಹೊಡೆದುಕೊಂಡಿತು. ಸುಲೋಚನಾ ದಿವಾನದ ಮೇಲೆ ನೆಟ್ಟಗೆ ಕೂತರು. ಅಶ್ವಿನಿ ಬಾಗಿಲಲ್ಲಿ ಕಾವಲು. ಕೆಳಗಿನ ಮನೆಯ ಗ್ರೈಂಡರ್ ಶುರುವಾದದ್ದೇ ತಡ, ಮೆಟ್ಟಿಲಿಳಿದು ಓಡಿದಳು. ‘ಕಾಕೂ, ಪ್ಲೀಸ್, ಅರ್ಧಾ ತಾಸ್!’ ಗ್ರೈಂಡರ್ ನಿಂತಿತು. ಮರಳಿ ಬಂದವಳು ನನ್ನ ಮುಖ ನೋಡಿ ಕಿವಿಯಲ್ಲಿ ಹೇಳಿದಳು: ‘ಅಂಕಲ್, ಟೆನ್ಶನ್ ಮತ್ ಲೋ. ಮಮ್ಮೀ ಕೋ ಸಬ್ ಆತಾ ಹೈ.’ ಚಿಂತೆ ಮಾಡಬಾರದಂತೆ, ಅಮ್ಮನಿಗೆ ಎಲ್ಲ ಬರುತ್ತದಂತೆ.

ಸಂಭಾಷಣೆ ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ್ದು ಒಂದು ಬದಿ ಮಾತ್ರ. ಇಪ್ಪತ್ತು ನಿಮಿಷ ಫೈಲು, ಟೇಪು, ತಾರೀಖು. ಅವರು ತಮ್ಮ ಕೆಲಸದ ಕ್ರಮ ವಿವರಿಸಿದರು. ಹಳೆಯ ಸಾಲನ್ನು ಎಂದೂ ಅಳಿಸುವುದಿಲ್ಲ. ಆ ಸಾಲಿನ ಏಳನೇ ಅಕ್ಷರದ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ಆಮೇಲೆ ಕಂಪ್ಯೂಟರು ಅದನ್ನು ಓದುವುದಿಲ್ಲ, ಮನುಷ್ಯರು ಓದಬಹುದು. ಕೆಳಗೆ ಹೊಸ ಸಾಲು, ತಿದ್ದಿದ ದಿನ, ತಿದ್ದಿದವರ ಇನಿಷಿಯಲ್. ಕೇಳುತ್ತ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಸರಕಾರಿ ಕಡತಗಳಲ್ಲಿ ಯಾರು ಏನನ್ನು ಯಾವಾಗ ತಿದ್ದಿದರು ಎಂದು ಹೀಗೆ ತಿಳಿಯುವಂತಿದ್ದರೆ!

ಆಮೇಲೆ ಒಂದು ಪ್ರಶ್ನೆ ಬಂತು. ಅವರು ಪೆನ್ನು ಕೆಳಗಿಟ್ಟರು.

‘ಹೌದು’ ಎಂದರು. ‘ನನ್ನ ಹಿಂದಿನ ಕೆಲಸದಲ್ಲಿ ಒಂದು ತಪ್ಪಾಗಿದೆ. ನಾನೇ ಮಾಡಿದ್ದು. ಅವರು ಕಂಡುಹಿಡಿದದ್ದಲ್ಲ, ನಾನೇ ಹೇಳಿದೆ.’ ಕ್ಯಾಲೆಂಡರಿನಿಂದ ಫ್ಯಾಕ್ಸಿನವರೆಗೆ, ಒಂದೂ ವಿಶೇಷಣವಿಲ್ಲದೆ, ವರದಿ ಒಪ್ಪಿಸಿದರು. ನನ್ನ ಕೈಕೆಳಗಿನ ಯಾವ ವರದಿಗಾರನೂ ಅಷ್ಟು ಚೊಕ್ಕವಾಗಿ ಬರೆದುಕೊಟ್ಟಿಲ್ಲ.

ನಂತರ ಇನ್ನೊಂದು ಪ್ರಶ್ನೆ, ಯಾಕೆ ಹೇಳಿದಿರಿ ಎಂದಿರಬೇಕು. ಅವರ ಉತ್ತರ: ‘ಹೇಳದಿದ್ದರೆ ಆ ದಿನ ಬೆಳಿಗ್ಗೆ ಬೇರೆ ಯಾರೋ ಕೂತು ಹುಡುಕಬೇಕಾಗುತ್ತಿತ್ತು. ಔಷಧಕ್ಕೆ ಕಾಯುವವರೂ ಇರುತ್ತಾರೆ.’

ಥ್ಯಾಂಕ್ ಯೂ ಎಂದು ಫೋನಿಟ್ಟರು. ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ, ‘ಏನಂದ್ರು ಅಕ್ಕಾರ?’ ಎಂದಳು.

‘ಏಜೆಂಟನಿಗೆ ತಿಳಿಸ್ತಾರಂತೆ. ಸ್ವರ ಸ್ವಲ್ಪ ತಂಪಾಯ್ತು.’

‘ಅಲ್ರೀ, ಕೇಳಿದ್ರ ಇಲ್ಲ ಅಂದುಬಿಟ್ರ ಆಗ್ತಿತ್ತು. ಅಲ್ಲೀತನಕ ಹೋಗಿ ನೋಡವ್ರು ಯಾರು?’

‘ಅವ್ರು ಎಂತಕ್ಕೆ ನೋಡ್ಬೇಕು? ನಾನು ನೋಡಿ ಆಗಿದೆಯಲ್ಲ’ ಎಂದರು ಸುಲೋಚನಾ. ‘ಚಾ ಉಂಟಾ? ಗಂಟಲು ಒಣಗಿದೆ.’

ಸೋಮವಾರ ವಾಶಿಯ ಏಜೆಂಟನ ಫೋನು, ಅದೂ ನಮ್ಮ ಮನೆಗೇ. ಹಳೆಯ ಕಂಪನಿಯವರು ಫ್ಯಾಕ್ಸ್ ನೋಡಿದ್ದಾರೆ, ಫೆಬ್ರವರಿ ಇಪ್ಪತ್ತೊಂಬತ್ತನ್ನು ಹಾಕಿ ಪರೀಕ್ಷಿಸಿದ್ದಾರೆ. ಸುಲೋಚನಾ ಹೇಳಿದಂತೆಯೇ ಎಲ್ಲ ನಿಂತಿದೆ, ಈಗ ಸರಿಪಡಿಸಿದ್ದಾರೆ. ಹೊಸ ಕಂಪನಿ ಇವರನ್ನು ತೆಗೆದುಕೊಂಡಿದೆ. ಆದರೆ ಆರು ತಿಂಗಳಿಗಲ್ಲ, ಮೂರಕ್ಕೆ. ಜೊತೆಗೆ ತಾರೀಖಿಗೆ ಸಂಬಂಧಿಸಿದ ಅವರ ಪ್ರತಿ ಸಾಲನ್ನೂ ಇನ್ನೊಬ್ಬರು ಪರಿಶೀಲಿಸುತ್ತಾರೆ.

ಸತ್ಯ ಹೇಳಿದ್ದಕ್ಕೆ ಅರ್ಧ ಕೂಲಿಯೇ ಎಂದು ನಾನು ಸಿಟ್ಟಾದೆ. ಅವರು ಆಗಲಿಲ್ಲ. ‘ಅವರದ್ದು ಸರಿ ಅಲ್ವಾ ಪೇಪರಿನವ್ರೆ? ತಪ್ಪು ಮಾಡಿದವರ ಮೇಲೆ ಒಂದು ಕಣ್ಣು ಬೇಕು. ನಾನಾದ್ರೂ ಹಾಗೇ ಮಾಡ್ತಿದ್ದೆ. ಮೂರು ತಿಂಗಳು ಅಂದ್ರೆ ಫೆಬ್ರವರಿ ಮುಗಿಯುವವರೆಗೆ ನಾನು ಅಲ್ಲೇ ಇರ್ತೇನೆ. ಅದೇ ಬೇಕಿತ್ತು.’ ಹೇಳಿ ಸೂಟ್‌ಕೇಸಿಗೆ ಹೊಸ ಚೈನು ಹಾಕಿಸಲು ಹೊರಟೇಬಿಟ್ಟರು.

ಅಂದು ಕಚೇರಿಗೆ ಹೋಗುವಾಗ ರೈಲಿನಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದ ತಿದ್ದುಪಡಿಗಳು ಹಲವು. ಎಲ್ಲವೂ ಓದುಗರು ಹಿಡಿದುಕೊಟ್ಟ ತಪ್ಪುಗಳಿಗೆ. ಯಾರೂ ಕಾಣದೆ, ನಾನೊಬ್ಬನೇ ಕಂಡ ತಪ್ಪಿಗೆ? ಒಂದೂ ಇಲ್ಲ. ಆದರೆ ಅಂಥ ತಪ್ಪುಗಳಿವೆ. ಆರು ವರ್ಷದ ಹಿಂದೆ, ಕಲ್ಯಾಣದಲ್ಲಿ ಗುಲ್ಬರ್ಗಾ ಕಡೆಯ ಹಮಾಲರ ಮಕ್ಕಳಿಗೆ ನಡೆಯುವ ಸಂಜೆಯ ಕನ್ನಡ ಶಾಲೆಯ ಬಗ್ಗೆ ಬರೆದಿದ್ದೆ. ಕಲಿಸುವವರು ಭೀಮಣ್ಣ ಎಂದು ಹೆಸರು, ಫೋಟೋ ಎಲ್ಲ ಹಾಕಿದ್ದೆ. ವಾರದ ನಂತರ ಆ ದಾರಿಯಲ್ಲಿ ಹೋದಾಗ ಗೊತ್ತಾಯಿತು, ಭೀಮಣ್ಣನವರು ಬಾಗಿಲಿನ ಬೀಗ ತೆಗೆಯುವವರು ಮಾತ್ರ. ಹಲಗೆಯ ಮುಂದೆ ನಿಂತಿದ್ದವರು ಅವರ ಹೆಂಡತಿ. ಆಕೆ ನನ್ನನ್ನು ಗುರುತಿಸಿ ನಕ್ಕು ಪಾಠ ಮುಂದುವರಿಸಿದರು. ಯಾರೂ ಪತ್ರ ಬರೆಯಲಿಲ್ಲ. ನಾನೂ ಸುಮ್ಮನಾದೆ.

ತಿದ್ದುಪಡಿ: ಕಲ್ಯಾಣದ ಆ ಸಂಜೆ ಶಾಲೆಯಲ್ಲಿ ಅಕ್ಷರ ಕಲಿಸುತ್ತಿದ್ದವರು ಭೀಮಣ್ಣ ಅಲ್ಲ, ಅವರ ಪತ್ನಿ ಕಾಶೀಬಾಯಿ, ತಪ್ಪು ನನ್ನದು.