ಬಿದ್ದವಳನ್ನು ಹುಡುಕಿಕೊಂಡು ಬಂದವರು

ನನಗೆ ಮೂರ್ಛೆ ರೋಗವಿತ್ತು. ಈಗಲೂ ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಅವ್ವ ಅದನ್ನು ಮುಚ್ಚಿಟ್ಟೇ, ಗುಟ್ಟಾಗಿ ಬೆಳಗಾವಿಯ ದವಾಖಾನೆಯ ಗುಳಿಗೆ ಕೊಡುತ್ತ ನನ್ನನ್ನು ಬೆಳೆಸಿದಳು. ನೆಂಟರೆದುರು ಬಿದ್ದರೆ, “ಮುಂಜಾನಿಂದ ಏನೂ ತಿಂದಿಲ್ಲ, ಚಕ್ಕರ ಬಂದೈತಿ” ಎನ್ನುತ್ತಿದ್ದಳು. ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದಿಂದ ನೇಸರಗಿಗೆ ಬಸ್ಸಿನಲ್ಲಿ ಹೋಗಿ ಬಂದು ಶಿಕ್ಷಕಿಯ ಕೆಲಸ ಮಾಡುತ್ತಿದ್ದಾಗಲೂ ಈ ವಿಷಯ ಹೊರಗಿನ ಯಾರಿಗೂ ತಿಳಿದಿರಲಿಲ್ಲ.

ಬೈಲಹೊಂಗಲದಲ್ಲಿ ಕ್ರೈಸ್ತ ಮನೆಗಳು ಕೆಲವೇ ಇದ್ದವು. ಬಾಡಿಗೆಯ ಒಂದು ಪಡಸಾಲೆಯಲ್ಲಿ ಆರಾಧನೆ ನಡೆಯುತ್ತಿತ್ತು. ಆ ವರ್ಷದ ಶುಭ ಶುಕ್ರವಾರ ಬೈಬಲಿನಿಂದ ಶಿಲುಬೆಯ ಭಾಗವನ್ನು ಓದಲು ಪಾಸ್ಟರು ನನ್ನನ್ನು ಕರೆದರು. ಓದುತ್ತ ಓದುತ್ತ ಅಕ್ಷರಗಳು ಕದಡಿದವು. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ಯಾರೋ ನನ್ನ ಮೂಗಿಗೆ ಚಪ್ಪಲಿ ಒತ್ತಿ ಹಿಡಿದಿದ್ದರು. ಸೀರೆ ಒದ್ದೆಯಾಗಿತ್ತು. ಮಗುವೊಂದು ತಾಯಿಗೆ, “ಯವ್ವಾ, ಅಕ್ಕೋರು ಉಚ್ಚಿ ಹೊಯ್ಕೊಂಡಾರ” ಎಂದಿತು. ತಾಯಿ ಅದರ ಬಾಯಿ ಮುಚ್ಚಿದಳು. ಬಾಗಿಲ ಹೊರಗೆ ಎದುರು ಮನೆಯವರೂ ನಿಂತು ನೋಡುತ್ತಿದ್ದರು. ಪಾಸ್ಟರ ಹೆಂಡತಿ ನನಗೆ ಚಾದರ ಹೊದಿಸಿ ಮನೆಗೆ ಕರೆತಂದರು. ದಾರಿಯುದ್ದಕ್ಕೂ ನಾನು ತಲೆ ಎತ್ತಲಿಲ್ಲ.

ಈಸ್ಟರಿಗೆ ಹೋಗಲಿಲ್ಲ, ಮುಂದಿನ ಭಾನುವಾರಗಳಲ್ಲೂ ಹೋಗಲಿಲ್ಲ. ಬೇಸಿಗೆಯ ರಜೆ ಬಂದದ್ದು ಒಳ್ಳೆಯದಾಯಿತು. ಮನೆಯಿಂದ ಹೊರಗೆ ಕಾಲಿಡುವ ಪ್ರಸಂಗವೇ ಇರಲಿಲ್ಲ. ದೇವರೇ, ನಿನ್ನ ಶಿಲುಬೆಯ ಮಾತನ್ನೇ ಓದುತ್ತಿದ್ದೆನಲ್ಲ, ಆ ಒಂದು ಗಳಿಗೆಯಾದರೂ ನನ್ನನ್ನು ಕಾಯಬಾರದಿತ್ತೇ ಎಂದು ಒಳಗೊಳಗೇ ಕೇಳಿದೆ. ಪಾಸ್ಟರು ಮನೆಗೆ ಬಂದು, ದೇಹದಲ್ಲಿ ಮುಳ್ಳಿನಂತೆ ನಾಟಿದ ಬೇನೆಯನ್ನು ತೆಗೆ ಎಂದು ಬೇಡಿದ ಬೈಬಲಿನ ಅಪೊಸ್ತಲನಿಗೆ ದೇವರು ಮುಳ್ಳನ್ನು ಹಾಗೇ ಬಿಟ್ಟು ಕೃಪೆ ಕೊಟ್ಟದ್ದನ್ನು ಹೇಳಿದರು. ಅಪೊಸ್ತಲನ ಸೀರೆ ಊರೆದುರು ಒದ್ದೆಯಾಗಿರಲಿಲ್ಲ ಎಂದುಕೊಂಡೆ.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಪ್ರಾರ್ಥನೆಯ ಪಡಸಾಲೆಯ ಎದುರು ಮನೆಯ ಒಕ್ಕಲಗಿತ್ತಿ ನಿಂತಿದ್ದಳು. ನಾವು ಯಾವ ಕೇರಿಯಿಂದ ಬಂದವರೆಂಬುದು ಆಕೆಗೆ ಗೊತ್ತಿತ್ತು. ಅವರು ನಮ್ಮನ್ನು ಎಂದೂ ಹೊಸ್ತಿಲೊಳಗೆ ಕರೆದವರಲ್ಲ. ಛೇಡಿಸಲು ಬಂದಳೇನೋ ಎಂದು ನಾನು ಕದ ಅರ್ಧವೇ ತೆರೆದೆ.

“ಅಕ್ಕೋರ, ಅವತ್ತ ನಿಮಗಾತಲ್ರಿ, ಹಂಗ ನನ್ನ ಮಗಳಿಗೂ ಆಕ್ಕೈತ್ರಿ,” ಎಂದಳು. “ಗಾಳಿ ಬಡದೈತಿ ಅಂತ ಬರಿ ಹಾಕಿಸಿದ್ವಿ. ಈಗ ಸಾಲಿ ಬಿಡಿಸಿ ಒಳಗ ಇಟ್ಟೇವ್ರಿ. ನೀವು ಕಲತು ನೌಕರಿ ಮಾಡಾಕ ಹತ್ತೀರಲ್ಲ, ಅದು ಹೆಂಗ ಅಂತ ಕೇಳಾಕ ಬಂದೇನ್ರಿ.”

ಸೆರಗು ಹೊದ್ದು ಅವಳ ಹಿಂದೆ ಅವರ ಮನೆಗೆ ಹೋದೆ; ಈ ಸಲ ಅವಳೇ ಹೊಸ್ತಿಲೊಳಗೆ ಕರೆದಳು.

ಹುಡುಗಿಗೆ ಹನ್ನೆರಡು–ಹದಿಮೂರು ವಯಸ್ಸಿರಬೇಕು. ಒಳಕೋಣೆಯ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಹಣೆಯ ಮೇಲೆ ಬರೆಯ ಗಾಯ ಇನ್ನೂ ಮಾಗಿರಲಿಲ್ಲ. ಮಾತಾಡಿಸಿದರೂ ತಿರುಗಲಿಲ್ಲ. ತಾಯಿ ನೀರು ತರಲು ಹೋದಾಗ ಹುಡುಗಿ ಮೆಲ್ಲಗೆ ಕೇಳಿದಳು: “ಅಕ್ಕೋರ, ನಿಮಗೂ ಅರಿವಿ ಹಸಿ ಆಕ್ಕಾವೇನ್ರಿ?”

ಬಟ್ಟೆ ಒದ್ದೆಯಾಗುವುದು ಸ್ವಂತ ಅವ್ವನೊಂದಿಗೂ ನಾನು ಆಡದ ಮಾತು. “ಹೌದವಾ, ಆಕ್ಕಾವು,” ಎಂದೆ. “ಅವತ್ತ ಎಲ್ಲಾರ ಮುಂದ ಆದವು.”

ಅವಳು ತಿರುಗಿ ನನ್ನ ಮುಖ ನೋಡಿದಳು. ನನ್ನ ಓದು, ನೌಕರಿ, ಭಕ್ತಿ ಯಾವುದೂ ಆ ಕೋಣೆಯಲ್ಲಿ ಕೆಲಸಕ್ಕೆ ಬರಲಿಲ್ಲ. ಬಂದದ್ದು ಆ ಒದ್ದೆ ಸೀರೆ ಮಾತ್ರ. ಪಾಸ್ಟರು ಹೇಳಿದ್ದರ ಅರ್ಥ ಆಗ ಸ್ವಲ್ಪ ಹೊಳೆಯಿತು. ಆದರೂ ನಾಚಿಕೆ ಹೋಯಿತೆಂದರೆ ಸುಳ್ಳಾದೀತು. ಅದನ್ನು ಇಟ್ಟುಕೊಂಡೇ ಅವಳ ಕೈ ಹಿಡಿದು ಕುಳಿತೆ.

ಬಿದ್ದಾಗ ಚಪ್ಪಲಿ, ಕೀಲಿಕೈ ಏನೂ ಬೇಡ, ಮಗ್ಗುಲಿಗೆ ಹೊರಳಿಸಿದರೆ ಸಾಕು ಎಂದು ತಾಯಿಗೆ ತೋರಿಸಿಕೊಟ್ಟೆ. ರಜೆ ಮುಗಿಯುವ ಮುಂಚೆ ಮೂವರೂ ಬೆಳಗಾವಿಯ ದವಾಖಾನೆಗೆ ಹೋದೆವು. ನಾನು ನುಂಗುತ್ತಿದ್ದ ಗುಳಿಗೆಯನ್ನೇ ಅವಳಿಗೂ ಬರೆದುಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ತಾಯಿ ಕೇಳಿದಳು: “ನಿಮ್ಮ ಯೇಸುಸ್ವಾಮಿ ಕುಂಟರನ್ನ ನಡಿಸ್ಯಾನಂತ. ನಿಮಗ್ಯಾಕ ಆರಾಮ ಮಾಡವಲ್ಲ?”

“ಗೊತ್ತಿಲ್ಲವಾ. ನಾನೂ ಕೇಳಾಕ ಹತ್ತೇನಿ,” ಎಂದೆ. “ಬೀಳೂದು ತಪ್ಪಿಸಿಲ್ಲ. ಆದ್ರ ಬಿದ್ದಾಗ ಕೈ ಬಿಟ್ಟಿಲ್ಲ.”

ಮಗಳು ಇಬ್ಬರ ನಡುವೆ ನಿದ್ದೆ ಹೋಗಿದ್ದಳು. ಶಾಲೆ ತೆರೆದಾಗ ಅವಳನ್ನು ಮತ್ತೆ ಕಳಿಸಿದರು. ಬೀಳುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ನನಗೂ ಅಷ್ಟೇ.