ಬಡಿಸೋಕೆ ಮುಂಚಿನ ತುತ್ತು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಸಾರು ತಳ ಹತ್ತಿತು. ಕೊತ್ತಂಬರಿ ಬೀಜ, ಈರುಳ್ಳಿ, ಒಣಮೆಣಸಿನಕಾಯಿ ಎಲ್ಲ ಸೇರಿ ಸೀದ ವಾಸನೆ ಕಿಟಕಿಯಿಂದ ನುಗ್ಗಿಬಂತು. ಕೆಮ್ಮಿ ಕೆಮ್ಮಿ ಸಾಕಾದ ನನ್ನ ಹೆಂಡತಿ, ಕಿಟಕಿ ಮುಚ್ಚಬಾರದಾ ಅಂತ ಬೈದಳು. ಮುಚ್ಚಲಿಲ್ಲ. ನಮ್ಮ ಅಡುಗೆಯಣ್ಣ ನೆನಪಾಗಿಬಿಟ್ಟಿದ್ದ…

ಹಾರೋಹಳ್ಳಿ ಫ್ಯಾಕ್ಟರಿಗಳ ಹತ್ತಿರ ಒಂದು ಮಿಲ್ಟ್ರಿ ಹೋಟೆಲಿನಲ್ಲಿ ನಾನು ಸಪ್ಲೈಯರ್, ಅವನು ಅಡುಗೆಯವನು. ಶಿಫ್ಟು ಬಿಟ್ಟರೆ ಸಾಕು, ನಿಲ್ಲೋಕೂ ಜಾಗ ಇರುತ್ತಿರಲಿಲ್ಲ. ಉಂಡು ಕೈತೊಳೆದವರು "ಊಟ ಚೆನ್ನಾಗಿತ್ತು ಕಣಪ್ಪ" ಅಂತ ನನ್ನ ಬೆನ್ನು ತಟ್ಟಿ ಹೋಗೋರು. ನಾನೇನು ಮಾಡಿದ್ದೆ, ಮಣ್ಣು! ತಟ್ಟೆ ತಂದಿಟ್ಟಿದ್ದೆ, ಅಷ್ಟೇ. ಗೋಡೆಯಾಚೆ ಹೊಗೆ ಕುಡಿದುಕೊಂಡು ಮುದ್ದೆ ತಿರುವೋನ ಮುಖವನ್ನೇ ಅವರು ಕಂಡಿರಲಿಲ್ಲ. ಆ ಹೊಗಳಿಕೆ ತೆಗೆದುಕೊಂಡು ಹೋಗಿ ಒಪ್ಪಿಸಿದರೆ, "ಅದ ಒಲೆಗೆ ಹಾಕುದ್ರೆ ಉರೀತದಾ? ತಟ್ಟೆ ಎತ್ಲಾ" ಅನ್ನುತ್ತಿದ್ದ. ಆದರೂ ಬಾಗಿದ ಮುಖದಲ್ಲಿ ಒಂದು ನಗು ಬಂದಿರುತ್ತಿತ್ತು, ನನಗೆ ಗೊತ್ತು.

ಅವನದೊಂದು ಕಟ್ಟಳೆ. ಬಡಿಸೋನು ಮೊದಲು ಉಣ್ಣಬೇಕು. ಬಾಗಿಲು ತೆಗೆಯೋಕೆ ಮುಂಚೆ ಮೊದಲನೇ ಮುದ್ದೆ ಕಟ್ಟಿ, ಮೇಲೆ ಸಾರು ಬಿಟ್ಟು, ನನ್ನನ್ನು ಒಲೆ ಪಕ್ಕ ಕೂರಿಸೋನು. "ಹಸ್ಕೊಂಡ್ ಬಡಿಸ್ಬಾರ್ದು ಕಣ್ಲಾ. ತಟ್ಟೆ ಮೇಲೆ ಕಣ್ ಬೀಳ್ತದೆ. ಉಂಡೋರ್ಗೆ ಹೊಟ್ಟೆ ನೋಯ್ತದೆ." ನಾನು ನಗುತ್ತಿದ್ದೆ, ಆದರೆ ಬಿಡದೆ ಉಣ್ಣುತ್ತಿದ್ದೆ. ನನ್ನ ತಟ್ಟೆ ಖಾಲಿಯಾಗೋತನಕ ಬೇರೆ ತಟ್ಟೆಗೆ ಅವನು ಸೌಟು ಹಾಕುತ್ತಿರಲಿಲ್ಲ. ತಾನು ಮಾಡಿದ್ದನ್ನು ನಾಲಿಗೆಗೆ ಇಟ್ಟು ನೋಡಿದ್ದೂ ಇಲ್ಲ. ಮುಚ್ಚಳ ಎತ್ತಿ ಮೂಸಿದರೆ ಮುಗೀತು, ಉಪ್ಪು ಹುಳಿ ಎಲ್ಲ ಆ ಮೂಗಿಗೇ ಗೊತ್ತಾಗುತ್ತಿತ್ತು.

ಕೊರೊನಾ ಬಂತು, ಹೋಟೆಲು ಮುಚ್ಚಿತು. ಅವನೂ ಜ್ವರದಲ್ಲಿ ಮಲಗಿ ಎದ್ದ. ಮತ್ತೆ ಬಾಗಿಲು ತೆಗೆದ ದಿನ ನನ್ನ ಮುಂದೆ ತಟ್ಟೆ ಇಟ್ಟು, ಎಂದೂ ಕೇಳದೋನು ಕೇಳಿದ: "ಹೆಂಗೈತ್ಲಾ?"

ಉಪ್ಪೇ ಇರಲಿಲ್ಲ. ಹೇಳಿದೆ.

ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. "ಮೂಗು ಹೋಗ್ಬುಟ್ಟೈತೆ ಕಣ್ಲಾ. ರುಚೀನೂ ಗೊತ್ತಾಗಾಕಿಲ್ಲ. ಯಾರ್ಗೂ ಹೇಳ್ಬ್ಯಾಡ. ಈ ಒಲೆ ಬುಟ್ರೆ ನಂಗೆ ಇನ್ನೇನ್ ಗೊತ್ತೈತೆ ಹೇಳು?"

ನಾನು ಎದ್ದು ಉಪ್ಪಿನ ಡಬ್ಬಿ ಅವನ ಕೈಗೆ ಕೊಟ್ಟೆ. ಅವತ್ತಿಂದ ಅವನ ಕಟ್ಟಳೆಯೇ ಅವನ ಗುಟ್ಟು ಕಾಯೋ ಮರೆಯಾಯಿತು. ನಾನು ಉಣ್ಣೋದನ್ನು ಎಲ್ಲರೂ ಮೊದಲಿಂದ ನೋಡಿದ್ದರಲ್ಲ, ಯಾರಿಗೂ ಅನುಮಾನ ಬರಲಿಲ್ಲ. "ಒಸಿ ಹುಳಿ ಬೇಕಣ್ಣ", "ಖಾರ ಸಾಕು"… ನಾನು ಹೇಳೋದು, ಅವನು ಹಾಕೋದು. ಜನ ಬೆರಳು ನೆಕ್ಕಿಕೊಂಡು ಉಂಡರು. ಮುದ್ದೆಗಂತೂ ನನ್ನ ಹಂಗು ಬೇಕಿರಲಿಲ್ಲ, ಅದು ಕೈಯ ಕೆಲಸ.

ಒಂದು ದಿನ ಅಕ್ಕನ ಮಗುವಿನ ಮುಡಿ ಕೊಡೋಕೆ ಸಾವನದುರ್ಗಕ್ಕೆ ಹೋಗಿದ್ದೆ. ಅವತ್ತೇ ಸಾರು ತಳ ಹತ್ತಿದೆ. ಅಡುಗೆಮನೆ ತುಂಬ ಸೀದ ವಾಸನೆ, ಇವನಿಗೆ ಮಾತ್ರ ಗೊತ್ತಿಲ್ಲ; ತಟ್ಟೆ ಮೇಲೆ ತಟ್ಟೆ ತುಂಬಿ ಕಳಿಸಿದ್ದಾನೆ. ಜನ ತಟ್ಟೆ ತಳ್ಳಿ ಎದ್ದರಂತೆ. ಓನರ್ ಒಳಗೆ ಬಂದು, "ಗೊತ್ತಾಗ್ಲಿಲ್ವಾ?" ಅಂದಾಗ ಇವನು ಸೌಟು ಕೆಳಗಿಟ್ಟು ಒಪ್ಪಿಕೊಂಡನಂತೆ: "ವಾಸ್ನೇನೇ ಗೊತ್ತಾಗಾಕಿಲ್ಲ ಸಾಮಿ." ಬರೀ ಮುದ್ದೆ ಮಾಡಿಕೊಂಡಿರು ಅಂದರೂ ನಿಲ್ಲಲಿಲ್ಲ. ಸಂಜೆಯೇ ಮಾಗಡಿ ಕಡೆ ತಂಗಿ ಮನೆಗೆ ಹೊರಟುಹೋದ.

ಮಾರನೇ ದಿನ ಹೊಸ ಅಡುಗೆಯವನು ತಟ್ಟೆಗಳನ್ನು ಸೀದಾ ನನ್ನ ಕೈಗೆ ಕೊಟ್ಟ. ಮೊದಲು ನಾನು ಉಣ್ಣಬೇಕು ಅಂದೆ. "ನೀನೇನ್ ಮದ್ವೆಗಂಡಾ?" ಅಂತ ನಕ್ಕ.

ಅಣ್ಣನನ್ನು ನೋಡೋಕೆ ಒಂದು ಸಲ ಹೋಗಿದ್ದೆ. ತಂಗಿಯ ಕುರಿ ಕಾಯುತ್ತಿದ್ದ. ಊಟಕ್ಕೆ ಕೂತಾಗ ನಾನು ಮೊದಲ ತುತ್ತು ನುಂಗೋತನಕ ಕಾದು, "ಹೆಂಗೈತ್ಲಾ?" ಅಂದ. ಹುರುಳಿಕಾಳು ಸಾರು, ಬೆಳ್ಳುಳ್ಳಿ ಮುಂದಾಗಿದೆ ಅಂದೆ. "ಹೌದಾ…" ಅಂತ ಕಣ್ಣು ಮುಚ್ಚಿ ನಿಧಾನಕ್ಕೆ ಉಂಡ. ನಾನು ತಲೆ ತಗ್ಗಿಸಿಕೊಂಡೆ.

ಹೋದ ವರ್ಷ ಅವನು ತೀರಿಕೊಂಡ. ಪಿತೃಪಕ್ಷಕ್ಕೆ ತಂಗಿ ಕರೆದಳು. ಎಲೆ ಹಾಸಿ, ಅವನಿಗೆ ಎಡೆ ಬಡಿಸು ಅಂತ ಮುದ್ದೆ ತಟ್ಟೆ, ಸಾರಿನ ಬೋಸಿ ನನ್ನ ಕೈಗೇ ಕೊಟ್ಟಳು. ಎಡೆಗೆ ಇಡೋದನ್ನು ಮುಂಚೆ ಯಾರೂ ಮುಟ್ಟಬಾರದು, ನನಗೂ ಗೊತ್ತು. ಆದರೆ ಅವನಿಗೆ ಹಸಿದುಕೊಂಡು ಹೆಂಗೆ ಬಡಿಸಲಿ? ಒಂದು ತುತ್ತು ಮುದ್ದೆ ಮುರಿದು, ಸಾರಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡೆ. "ಎಂಜ್ಲು ಮಾಡ್ಬುಟ್ಟಲ್ಲೋ!" ಅಂತ ಹಿರಿಯರೊಬ್ಬರು ಕೂಗಿದರು. ತಂಗಿ ಮಾತ್ರ, "ಸುಮ್ಕಿರಿ ದೊಡ್ಡಪ್ಪ" ಅಂದಳು.

"ಉಪ್ಪು ಸರಿಯಾಗೈತಣ್ಣ" ಅಂತ ಎಲೆಗೆ ಹೇಳಿದೆ. ಆಮೇಲೆ ಬಡಿಸಿದೆ.

ಪಕ್ಕದ ಮನೆಯಾಕೆ ಈಗ ಪಾತ್ರೆ ಕೆರೆಯುತ್ತಿದ್ದಾಳೆ. ನಾನು ಕೆಲಸಕ್ಕೆ ಹೊರಡಬೇಕು. ಇವತ್ತಿಗೂ ಬಡಿಸೋಕೆ ಮುಂಚೆ ನಿಂತುಕೊಂಡೇ ಒಂದು ತುತ್ತು ಉಣ್ಣುತ್ತೇನೆ. ಹೆಂಗೈತ್ಲಾ ಅಂತ ಕೇಳೋರು ಯಾರೂ ಇಲ್ಲ.