ಮಾವನವರ ಅರ್ಧ ಹೊಸ ಕೀಲು

ನಾನು ಪ್ಯಾಂಟನ್ನು ಮಂಚದ ಮೇಲೆ ಕೂತೇ ಹಾಕಿಕೊಳ್ಳುತ್ತೇನೆ. ವಯಸ್ಸಾಯಿತೆಂದು ಹೆಂಡತಿ ನಗುತ್ತಾಳೆ. ಆದರೆ ಈ ಅಭ್ಯಾಸಕ್ಕೆ ಕಾರಣ ಅವಳ ಅಪ್ಪನೇ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾಗಿದ್ದ ಮಾವ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಹೊಳೆಹೊನ್ನೂರಿನ ಒಂದು ಮದುವೆಗೆ ಹೊರಡುವ ಅವಸರದಲ್ಲಿ ಒಂಟಿಕಾಲಿನಲ್ಲಿ ನಿಂತು ಪ್ಯಾಂಟು ಏರಿಸುತ್ತಿದ್ದಾಗ ವಾಲಿ ಬಿದ್ದರು. ಮೊಬೈಲು ಆಗಷ್ಟೇ ಬಂದಿದ್ದ ಕಾಲ. ‘ಸೊಂಟ ಮುರೀತಂತೆ’ ಎಂಬ ಸುದ್ದಿ ಆಲ್ಕೊಳದ ನಮ್ಮ ಮನೆಗೆ ನಾಲ್ಕು ಬಾಯಿಂದ ಬಂತು.

ನಮ್ಮೂರಿನ ಸವಳಂಗ ರಸ್ತೆಯ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು, ‘ಸೊಂಟ ಅಲ್ಲ, ತೊಡೆಮೂಳೆಯ ಕತ್ತು’ ಎಂದು ತಿದ್ದಿದರು. ಕನ್ನಡ ಮೇಷ್ಟನಾದ ನನಗೆ ಕೊಂಚ ಮುಖಭಂಗವಾಯಿತು. ನಡು, ಟೊಂಕ, ಸೊಂಟ ಎಂದು ನಮಗೆ ಮೂರು ಮಾತಿವೆ. ಕವಿಗಳು ನಡುವನ್ನು ಬಳುಕಿಸಿ ಬಳುಕಿಸಿ ಬರೆದಿದ್ದಾರೆ. ಅದರ ಕೆಳಗೆ ಇಡೀ ಮೈಯ ಭಾರ ಹೊರುವ ಕೀಲಿಗೆ ಒಂದು ಹೆಸರಿಡಲು ಯಾರಿಗೂ ಪುರುಸೊತ್ತಾಗಿಲ್ಲ.

ಮುರಿದ ಮೂಳೆಯ ಗುಂಡುತಲೆಯನ್ನು ತೆಗೆದು ಲೋಹದ್ದನ್ನು ಕೂರಿಸುತ್ತಾರಂತೆ. ಅದು ತಿರುಗುವ ಬಟ್ಟಲು ಮಾತ್ರ ಹುಟ್ಟಿದಾಗಿನದೇ. ಗಾಯ ಚಿಕ್ಕದು, ಸ್ನಾಯುಗಳನ್ನು ಆದಷ್ಟು ಕತ್ತರಿಸದೆ ಸರಿಸಿಕೊಂಡು ಒಳಗೆ ಹೋಗುವುದು, ಎರಡನೆಯ ದಿನವೇ ನಿಲ್ಲಿಸುವುದು. ಈ ವಯಸ್ಸಿನಲ್ಲಿ ಅಪಾಯವೇ ಇಲ್ಲ ಎಂದು ಮಾತ್ರ ಹೇಳಲಾರೆ ಎಂದರು ಡಾಕ್ಟರು.

ಮಾವನ ತಮ್ಮ ಒಪ್ಪಲಿಲ್ಲ. ‘ಈ ವಯಸ್ನಲ್ಲಿ ಕೊಯ್ಸೋದು ಬೇಡ ಮಾರಾಯ. ನಾಟಿ ಪಟ್ಟು ಕಟ್ಸಿ ಮಲಗ್ಸೋಣ’ ಎಂದು ನನ್ನ ಮುಖ ನೋಡಿದರು. ಓದಿದವನಾದ್ದರಿಂದ ನಾನು ‘ಯೋಚನೆ ಮಾಡೋಣ’ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಅಂದೆ.

ಅಲ್ಲಿಯವರೆಗೆ ಗೋಡೆಗೊರಗಿ ನಿಂತಿದ್ದ ಅತ್ತೆ ಬಾಯಿ ತೆರೆದರು. ‘ನಮ್ಮವ್ವಂಗೂ ಹಿಂಗೇ ಮುರಿದಿತ್ತು. ಮಲಗ್ಸಿದ್ವಿ. ಐದು ತಿಂಗಳು. ಬೆನ್ನೆಲ್ಲ ಹುಣ್ಣಾಗಿ, ನಾನೇ ತೊಳೀತಿದ್ದೆ. ಮತ್ತೆ ಏಳ್ಲೇ ಇಲ್ಲ. ಇವರನ್ನ ನಾನು ಹಂಗೆ ಮಲಗ್ಸಲ್ಲ.’

ಮಾವ ಮಲಗಿದ್ದಲ್ಲಿಂದಲೇ ಕೇಳಿದರು: ‘ಗುಂಡು ಹೊಸದು, ಬಟ್ಟಲು ಹಳೇದು. ಸವೆಯೋದು ಹಳೇದೇ ಅಲ್ವಾ ಡಾಕ್ಟ್ರೇ?’

ಹೊರಟಿದ್ದ ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. ‘ಹೌದು, ಹಳೇದೇ ಸವೆಯುತ್ತೆ. ಆದ್ರೆ ನೀವೇನು ಓಡೋರಲ್ಲ. ನಿಧಾನಕ್ಕೆ ಸವೆಯುತ್ತೆ.’

‘ಹಂಗಾದ್ರೆ ಹಾಕಿ’ ಎಂದರು ಮಾವ.

ಮರುದಿನ ಬೆಳಿಗ್ಗೆ ಆಪರೇಷನ್. ಒಳಗೆ ಮಾವ ಸೊಂಟದ ಕೆಳಗಷ್ಟೇ ಮರಗಟ್ಟಿಸಿಕೊಂಡು ಎಚ್ಚರವಾಗಿದ್ದರು; ಹೊರಗೆ ನಾನು ಪೂರ್ತಿ ಮರಗಟ್ಟಿ ಕೂತಿದ್ದೆ. ಗುಂಡು ಕೂರಿಸುವ ಸುತ್ತಿಗೆಯ ಸದ್ದು ಕೇಳಿದಾಗ, ಕಾರ್ಖಾನೆಯ ನೆನಪಾಗಿ, ತಮಗೆ ಧೈರ್ಯ ಬಂತೆಂದು ಆಮೇಲೆ ಅವರು ಹೇಳಿದರು. ನನಗದು ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

ಎರಡನೆಯ ದಿನ ವಾಕರ್ ಹಿಡಿಸಿ ನಿಲ್ಲಿಸಿದರು. ಮಾವ ಎದ್ದರೇನೋ ನಿಜ, ಆದರೆ ಆ ಕಾಲನ್ನು ನೆಲಕ್ಕೆ ತಾಗಿಸಿಯೂ ತಾಗಿಸದಂತೆ ಹಿಡಿದುಕೊಂಡರು. ನೋವಿಗಲ್ಲ, ನಂಬಿಕೆ ಸಾಲದೆ. ಜೀವಮಾನವೆಲ್ಲ ಬೇರೆಯವರಿಗೆ ಯಂತ್ರ ಜೋಡಿಸಿಕೊಟ್ಟ ಮನುಷ್ಯ, ತನ್ನೊಳಗೆ ಜೋಡಿಸಿದ್ದನ್ನು ನಂಬಲಾರದೆ ಬೆವರುತ್ತಿದ್ದರು. ಅತ್ತೆ ಎದುರಿಗೆ ಬಂದು ನಿಂತು, ‘ಭಾರ ಬಿಡಿ. ನಾನಿದೀನಿ’ ಎಂದರು. ಮಾವ ಕಣ್ಣು ಮುಚ್ಚಿ ಕಾಲೂರಿದರು. ಕೀಲು ಭಾರ ತಡೆಯಿತು.

ಚಕ್ಕಳಮಕ್ಕಳ ಹಾಕುವಂತಿಲ್ಲ, ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ ಎಂಬ ಅಪ್ಪಣೆಯೊಂದಿಗೆ ಭದ್ರಾವತಿಗೆ ಮರಳಿದರು. ಎರಡು ತಿಂಗಳ ನಂತರ ನಾನು ಹೋದಾಗ ಇಬ್ಬರೂ ಸಂಜೆಯ ತಿರುಗಾಟಕ್ಕೆ ಹೊರಟಿದ್ದರು. ಐವತ್ತು ವರ್ಷ ಅವರು ಹೊರಗೆ ಹೊರಟರೆ ಮಾವ ಮುಂದೆ, ಅತ್ತೆ ನಾಲ್ಕು ಮಾರು ಹಿಂದೆ. ಈಗ ಅತ್ತೆ ಮುಂದೆ ನಡೆದು, ಅಲ್ಲಲ್ಲಿ ನಿಂತು ಕಾಯುತ್ತಿದ್ದರು.

ಕೋಲೂರಿಕೊಂಡು ಬರುತ್ತಿದ್ದ ಮಾವ ನನಗೆ ಮೆಲ್ಲಗೆ ಹೇಳಿದರು: ‘ಇವಳು ಇಷ್ಟು ಬಿರುಸಾಗಿ ನಡೀತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಪ್ಪ.’

ಅತ್ತೆ ತಿರುಗದೆಯೇ ಅಂದರು: ‘ನೋಡಿದ್ರೆ ತಾನೇ ಗೊತ್ತಾಗೋದು.’